ಕ್ರೋಜರ್ ವಂಶವೃಕ್ಷ ಬರೆದ ಬೀನಿ

ಋಷಿಮೂಲ, ನದಿಮೂಲ ಹುಡುಕಬಾರದು ಎನ್ನುತ್ತಾರೆ. ಕಳ್ಳರ ಮೂಲದ ಬಗ್ಗೆ ಹಿರಿಯರು ಏನೂ ಹೇಳಿಟ್ಟಿಲ್ಲ, ಎಡವಟ್ಟಾಗಿದ್ದು ಅಲ್ಲೇ. ಇಂಗ್ಲಿಷರ ನಾಡಿನ ಗಡಿಗಂಟಿದ ಲಿಡ್ಡೆಲ್ ಕಣಿವೆಯಲ್ಲಿ ಯಾವ ಮನೆಯ ಕದ ತಟ್ಟಿದರೂ ಒಬ್ಬ ದನಗಳ್ಳ ಮುತ್ತಜ್ಜ ಸಿಗುತ್ತಾನೆ. ಗಡಿ ದಾಟಿ ಇಂಗ್ಲಿಷರ ಕೊಟ್ಟಿಗೆ ಬರಿದು ಮಾಡಿ, ಕೊನೆಗೆ ಅವರದೇ ಊರು ಕಾರ್ಲೈಲ್‌ನಲ್ಲಿ ನೇಣಿಗೇರಿದವನಾದರೆ ಮರ್ಯಾದೆ ಇನ್ನೂ ಒಂದು ಕೈ ಹೆಚ್ಚು.

ಬೀನಿಯ ಗಂಡ ವಾಟ್ ಕ್ರೋಜರ್‌ಗೆ ಸಿಕ್ಕವನು ಮೊಂಡುಗೈ ಡ್ಯಾಂಡ್. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಕುರಿಗಾವಲಿನ ಗೋಡೆ ಕಟ್ಟುವುದು ವಾಟ್‌ನ ಕಸುಬು. ನಾನೂರು ವರ್ಷದ ಹಿಂದೆ ಸತ್ತ ಡ್ಯಾಂಡ್‌ನಿಂದ ತನ್ನವರೆಗೆ ವಂಶವೃಕ್ಷ ಕಟ್ಟುವುದು ಅವನ ಹುಚ್ಚು. ಅರವತ್ತಕ್ಕೆ ಕಣ್ಣು ಮಂಜಾಯಿತು. ಅಲ್ಲಿಂದ ಓದುವುದು, ಬರೆಯುವುದು ಎಲ್ಲ ಬೀನಿಯ ತಲೆಗೆ ಬಂತು. ಅಂಚೆ ಕಚೇರಿಯಲ್ಲಿ ದುಡಿದವಳು, ಅಕ್ಷರ ಮುತ್ತಿನಂತಿತ್ತು. ಪ್ರತಿ ಮಂಗಳವಾರ ಗಂಡನ ಕೈ ಹಿಡಿದು ಬಸ್ಸು ಹತ್ತಿ ಹಾವಿಕ್ ಪಟ್ಟಣಕ್ಕೆ ಹೋಗಿ ಹಳೆಯ ಚರ್ಚುಗಳ ದಫ್ತರ ತಿರುವಿ ಹಾಕಬೇಕು, ಬಂದು ಅಡುಗೆಯನ್ನೂ ಮಾಡಬೇಕು. ಹೆಂಡತಿ ಎಂದರೆ ಬಿಟ್ಟಿ ಗುಮಾಸ್ತೆ ತಾನೆ!

ಆ ಆಗಸ್ಟಿನಲ್ಲಿ ದೇಶವಿದೇಶದ ಕ್ರೋಜರ್‌ಗಳೆಲ್ಲ ಊರಿನ ಸಭಾಭವನದಲ್ಲಿ ಸೇರುವುದಿತ್ತು. ಗೋಡೆಗೆ ವಾಟ್‌ನ ವಂಶವೃಕ್ಷ ತೂಗುವುದೆಂದು ನಿಶ್ಚಯವಾಯಿತು. ಬೀನಿಗೆ ಬೇಕಾಗಿದ್ದು ಒಂದೇ: ಮಗಳು ಜೀನ್ ಮನೆಗೆ ಬರಬೇಕು. ಮದುವೆಯಿಲ್ಲದೆ ಬಸುರಾದಳೆಂದು ಹತ್ತೊಂಬತ್ತು ವರ್ಷದ ಹಿಂದೆ ವಾಟ್ ಅವಳನ್ನು ಹೊರಗೆ ಹಾಕಿದ್ದ. ಕಾರ್ಲೈಲ್‌ನ ಬಿಸ್ಕತ್ತು ಕಾರ್ಖಾನೆಯಲ್ಲಿ ದುಡಿದು ಅವಳು ಮಗ ಆಡಮ್‌ನನ್ನು ಸಾಕಿದಳು. ಬೀನಿ ಕರೆದಿದ್ದಕ್ಕೆ ಈಗ ಎರಡೇ ಸಾಲಿನ ಉತ್ತರ ಬಂದಿತ್ತು. ಆಡಮ್‌ನ ಹೆಸರು ಆ ಗೋಡೆಯ ಮೇಲಿದ್ದರೆ ಬರುತ್ತೇನೆ, ಇಲ್ಲವಾದರೆ ಇನ್ನು ಕಾಗದ ಹಾಕಬೇಡ.

ಬೀನಿ ಗಂಡನನ್ನು ಕೇಳಿದಳು.

"ಹೆಸರು ಬರೋದು ಅಪ್ಪನಿಂದ. ಅಪ್ಪ ಯಾರು ಅಂತ ಅವಳು ಬಾಯಿ ಬಿಟ್ಟಳಾ?" ಎಂದು ವಾಟ್ ಮಾತು ಮುಗಿಸಿದ.

ಮುಂದಿನ ಮಂಗಳವಾರ ದಫ್ತರದಲ್ಲಿ ಒಂದು ದಾಖಲೆ ಸಿಕ್ಕಿತು. ಸಾವಿರದ ಏಳುನೂರ ಎಪ್ಪತ್ತನಾಲ್ಕನೇ ಇಸವಿ. ಮನೆಗೆಲಸದ ನ್ಯಾನಿ ಕ್ರೋಜರ್, ಮದುವೆಯಿಲ್ಲದೆ ಹೆತ್ತವಳು, ಮೂರು ಭಾನುವಾರ ಚರ್ಚಿನಲ್ಲಿ ಎಲ್ಲರೆದುರು ತಪ್ಪಿತಸ್ಥರ ಸ್ಟೂಲಿನ ಮೇಲೆ ಕೂತಳು. ತಂದೆಯ ಹೆಸರು ಹೇಳಲಿಲ್ಲ. ಮಗು ರಾಬರ್ಟ್‌ಗೆ ತನ್ನ ಹೆಸರನ್ನೇ ಕೊಟ್ಟಳು. ಡ್ಯಾಂಡ್‌ನಿಂದ ವಾಟ್‌ವರೆಗಿನ ಸಾಲು ಇಳಿದು ಬಂದಿದ್ದು ಅದೇ ರಾಬರ್ಟ್‌ನ ಮೂಲಕ. ಬೀನಿ ಪಕ್ಕದಲ್ಲಿದ್ದ ಗಂಡನಿಗೆ ಪಿಸುದನಿಯಲ್ಲಿ ಎರಡು ಸಲ ಓದಿ ಹೇಳಿದಳು. ಈಗಲಾದರೂ ಕರಗುತ್ತಾನೆಂದು ಕಾದಳು.

"ವಿಲಿಯಂ ಕ್ರೋಜರ್‌ನ ಮಗ ರಾಬರ್ಟ್ ಅಂತ ಬರಿ."

"ಯಾವ ವಿಲಿಯಂ?"

"ಆ ಕಾಲದಲ್ಲಿ ವಿಲಿಯಂಗಳಿಗೇನು ಬರವಿತ್ತಾ? ಬರಿ."

ಬೀನಿಗೆ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ದೊಡ್ಡ ಹಾಳೆ ಹಾಸಿ, ವಿಲಿಯಂನನ್ನು ಬಿಟ್ಟು, ನ್ಯಾನಿ ಎಂದು ದಪ್ಪಕ್ಷರದಲ್ಲಿ ಬರೆದಳು. ಹಾಳೆಯ ಕೆಳತುದಿಯಲ್ಲಿ ವಾಟ್‌ನ ಕೆಳಗೆ ಜೀನ್, ಜೀನಳ ಕೆಳಗೆ ಆಡಮ್ ಕ್ರೋಜರ್. ಎಲ್ಲ ಹೇಳಿದಂತೆ ಬರೆದೆಯಾ ಎಂದು ವಾಟ್ ಕೇಳಿದಾಗ ಹೂಂ ಎಂದಳು. ಜೀನ್‌ಗೆ ಕಾಗದ ಹಾಕಿದಳು.

ಸಭಾಭವನದಲ್ಲಿ ಮಾಂಸದ ಪೈ, ವಿಸ್ಕಿ, ಕೆನಡಾದ ಕ್ರೋಜರ್‌ಗಳ ಗಲಾಟೆ. ವಾಟ್ ಹಾಳೆಯ ಮುಂದೆ ನಿಂತು ಕೋಲು ತೋರಿಸುತ್ತ, ನಮ್ಮ ರಕ್ತದಲ್ಲಿ ಒಂದು ಹನಿ ಬೆರಕೆಯಿಲ್ಲ ಎನ್ನುತ್ತಿದ್ದ. ಓದಿದವರು ಮುಖ ಮುಖ ನೋಡಿಕೊಂಡರು. ಮತ್ತೆ ವಿಸ್ಕಿಯ ಕಡೆ ತಿರುಗಿದರು.

ಜೀನ್ ಒಬ್ಬಳೇ ಬಂದಳು. ಕೂದಲು ನರೆತಿತ್ತು. ಮಗನ ಹೆಸರಿನಿಂದ ಮೇಲಕ್ಕೆ ನ್ಯಾನಿಯವರೆಗೆ ನಿಧಾನವಾಗಿ ಓದಿದಳು.

"ಅಪ್ಪಂಗೆ ಕಣ್ಣು ಕಾಣದ ಮೇಲೆ ನಿಂಗೆ ಧೈರ್ಯ ಬಂತಾ, ಅಮ್ಮ?" ಎಂದಳು ಜೀನ್. "ಸರಿ. ಇದನ್ನ ಅವನಿಗೆ ಜೋರಾಗಿ ಓದಿ ಹೇಳು. ನಾನು ಇಲ್ಲೇ ನಿಂತಿರ್ತೀನಿ."

ಬೀನಿ ಗಂಡನ ಕಡೆ ಎರಡು ಹೆಜ್ಜೆ ಇಟ್ಟಳು. ಸದ್ದು ಕೇಳಿ ವಾಟ್ ತಿರುಗಿದ.

"ಬೀನಿ, ಕೋಲು ಸರಿಯಾದ ಕಡೆ ಇದೆಯಾ? ಇದು ವಿಲಿಯಂ ತಾನೆ?"

ಅಲ್ಲಿದ್ದವರೆಲ್ಲ ಅವಳನ್ನೇ ನೋಡಿದರು. ಕೋಲು ನ್ಯಾನಿಯ ಹೆಸರಿನ ಮೇಲಿತ್ತು.

"ಹೂಂ," ಎಂದಳು ಬೀನಿ, "ವಿಲಿಯಂ."

ಅವಳು ತಿರುಗಿ ನೋಡುವಷ್ಟರಲ್ಲಿ ಜೀನ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಬಾಗಿಲು ದಾಟಿದ್ದಳು.