ಸಿಬ್ಲಿ ಕತ್ತರಿಸಿದ ನೀಲಿ ಹಾಸು

ಮಾರ್ಲ್‌ಕೂಂಬ್ ಊರಿನ ಚರ್ಚು ಕಟ್ಟಿ ನಾನೂರು ವರ್ಷವಾಗಿತ್ತು. ಅದರ ಬಟ್ಟೆಬರೆ ಒಗೆಯುವುದು ಸಿಬ್ಲಿಯ ಕೆಲಸ. ಅವಳ ತಾಯಿಯೂ ಅದನ್ನೇ ಮಾಡಿದವಳು. ಪೂಜಾಪೀಠಕ್ಕೆ ನಯವಾದ ನೀಲಿ ಉಣ್ಣೆಯ ಹಾಸೊಂದಿತ್ತು. ನೆರೆಮನೆಯ ಥಾಮಸಿನ್, ಬಾಣಂತಿಯಾಗಿ ತೀರಿಕೊಂಡ ತನ್ನ ಮಗಳ ಮದುವೆಯ ಗೌನು ಬಿಚ್ಚಿ ಹೊಲಿದು ಕೊಟ್ಟದ್ದು.

ಎಳೆಯ ದೊರೆ ಪಟ್ಟಕ್ಕೆ ಬಂದ ಮೇಲೆ ಹಳೆಯ ಪೂಜೆ ನಿಂತಿತು. ವಿಗ್ರಹ, ದೀಪ, ಹಾಸು ಯಾವುದೂ ಇರಕೂಡದೆಂದು ಅಪ್ಪಣೆಯಾಯಿತು. ಅಧಿಕಾರಿಗಳು ಬರುವ ಮುನ್ನವೇ ಥಾಮಸಿನ್ ಹಾಸನ್ನು ಪೀಠದಿಂದ ತೆಗೆದು ತಂದು ಸಿಬ್ಲಿಯ ಕೈಗಿತ್ತಳು.

"ನಮ್ಮನೆ ತಡಕ್ತಾರೆ ಕಣೇ. ನಿನ್ನ ಮೈಲಿಗೆ ಬಟ್ಟೆ ರಾಶೀಗೆ ಯಾರೂ ಕೈ ಹಾಕಲ್ಲ. ಇಟ್ಕೊಂಡಿರು."

ಐದು ವರ್ಷ ಇಟ್ಟುಕೊಂಡಳು. ಆಮೇಲೆ ಮಗಳು ಎಮ್ಮಟ್‌ಗೆ ಗಿರಣಿಯವರ ಮನೆಯ ಸಂಬಂಧ ಕುದುರಿತು. ಉಳ್ಳವರ ಮನೆ; ಮಗಳನ್ನು ತೇಪೆ ಬಟ್ಟೆಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ಹಳೆಯ ಕಾಲ ಇನ್ನೆಲ್ಲಿ ತಿರುಗಿ ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಆ ಹಾಸನ್ನು ಕತ್ತರಿಸಿ ಮದುವೆಯ ಗೌನು ಹೊಲಿದಳು. ಗುರುತು ಸಿಗದಿರಲೆಂದು ಅಕ್ರೋಟಿನ ಸಿಪ್ಪೆ ಕುದಿಸಿ ಕಂದು ಬಣ್ಣ ಹಾಕಿದಳು. ಮದುವೆಯ ದಿನ ಥಾಮಸಿನ್ ಹುಡುಗಿಯ ತೋಳು ಸವರಿ, "ಎಷ್ಟು ನಯವಾಗಿದೆಯೇ ಇದು! ನೂರ್ಕಾಲ ಬಾಳು ಮಗಳೇ" ಎಂದಳು.

ಮರುವರ್ಷವೇ ದೊರೆ ತೀರಿಕೊಂಡ. ಅವನಕ್ಕ ಪಟ್ಟವೇರಿ ಹಳೆಯ ಪೂಜೆಯನ್ನೇ ಮರಳಿ ತಂದಳು. ಹುಲ್ಲುಮೆದೆಯಿಂದ ದೀಪದ ಕಂಬ ಹೊರಬಂತು, ಹಂದಿಗೂಡಿನ ನೆಲದಡಿಯಿಂದ ಮೂಗು ಮುರಿದ ಸಂತ ಮಾರ್ಗರೆಟ್‌ಳ ವಿಗ್ರಹ ಎದ್ದು ಬಂತು.

"ಎಲ್ಲೇ ನಂದು?" ಎಂದಳು ಥಾಮಸಿನ್.

"ಇಲಿ ಕಡಿದುಬಿಟ್ವು ಅಕ್ಕಾ."

ಥಾಮಸಿನ್ ಅತ್ತಳು. ಅತ್ತವಳೇ ಸಿಬ್ಲಿಯ ಬೆನ್ನು ಸವರಿ, "ಹೋಗ್ಲಿ ಬಿಡು, ಇಲಿ ಕಡಿದ್ರೆ ನೀನೇನ್ ಮಾಡ್ತಿ" ಎಂದಳು. ಬೈದಿದ್ದರೆ ಸಹಿಸಬಹುದಿತ್ತು. ಆ ಸಮಾಧಾನದ ಮಾತು ಸಿಬ್ಲಿಯನ್ನು ಮೂರು ವಾರ ಸುಟ್ಟಿತು. ಕೊನೆಗೆ ಗಿರಣಿಗೆ ನಡೆದುಹೋಗಿ ಮಗಳಿಗೆ ಎಲ್ಲ ಹೇಳಿದಳು.

"ಕದ್ದ ಬಟ್ಟೇಲಿ ನನ್ನ ಮದುವೆ ಮಾಡಿದ್ಯಾ ಅಮ್ಮಾ?" ಎಂದು ಎಮ್ಮಟ್ ಗೌನನ್ನು ತಂದು ಹೊಸ್ತಿಲಾಚೆ ಇಟ್ಟಳು. ಒಳಗೆ ಬಾ ಎನ್ನಲಿಲ್ಲ.

ಸಿಬ್ಲಿ ಹೊಲಿಗೆ ಬಿಚ್ಚಿ, ತುಂಡುಗಳನ್ನು ಥಾಮಸಿನ್‌ಳ ಮಡಿಲಿಗೆ ಹಾಕಿ ತಲೆ ತಗ್ಗಿಸಿ ನಿಂತಳು. ಥಾಮಸಿನ್ ಒಂದು ತುಂಡನ್ನೆತ್ತಿ ಬೆರಳಲ್ಲಿ ಸವರಿದಳು.

"ನನ್ನ ಕೈಲೇ ಸವರಿಸಿದ್ಯಲ್ಲೇ ಇದನ್ನ."

ಹೊಲಿದು ಕೊಡುತ್ತೇನೆಂದು ಸಿಬ್ಲಿ ಕೈ ಚಾಚಿದಳು. ಮುದುಕಿ ಕೊಡಲಿಲ್ಲ, ಮಂಜುಗಣ್ಣಲ್ಲೇ ತಾನೇ ಕೂಡಿಸಿ ಹೊಲಿದಳು. ಕಂದು ತೇಪೆಗಳ ಆ ಹಾಸು ಈಸ್ಟರ್ ಹಬ್ಬಕ್ಕೆ ಪೀಠವೇರಿತು.

ಆ ವಾರವೇ ಸಿಬ್ಲಿ ಪಾದ್ರಿಯ ಬಳಿ ಹೋಗಿ, "ಒಗೆಯೋ ಕೆಲಸ ಬೇರೆ ಯಾರಿಗಾದ್ರೂ ಕೊಡಿ, ಸ್ವಾಮಿ" ಎಂದಳು. ಅವರು ಕಾರಣ ಕೇಳಲಿಲ್ಲ, ಊರಿಗೆಲ್ಲ ಗೊತ್ತಾಗಿತ್ತು. ಆಮೇಲೆ ಬದುಕಿದ್ದ ಒಂಬತ್ತು ವರ್ಷವೂ ಅವಳು ಪ್ರಾರ್ಥನೆಗೆ ತಪ್ಪಲಿಲ್ಲ, ಆದರೆ ಹಿಂದಿನ ಕಂಬದ ಮರೆ ಬಿಟ್ಟು ಮುಂದೆ ಬರಲಿಲ್ಲ.