ಹದಿಮೂರನೆಯ ದಿನದ ಎಲೆ

ಮಧ್ವೇಶ ಭಟ್ಟರ ಫೋನು ಇರುತ್ತಿದ್ದದ್ದು ಸೊಂಟದ ಎಡಗಡೆ, ಪಂಚೆಯ ಮಡಿಕೆಯಲ್ಲಿ, ರೇಷ್ಮೆ ಬಟ್ಟೆಯ ತುಂಡೊಂದರಲ್ಲಿ ಸುತ್ತಿಕೊಂಡು. ಒಗ್ಗರಣೆಯ ಸಾಸಿವೆ ಸಿಡಿದು ಮುಗಿಯುವಷ್ಟರಲ್ಲಿ ಅವರ ಕೈ ಎರಡು ಸಲ ಅಲ್ಲಿಗೆ ಹೋಗಿ ಬರುತ್ತಿತ್ತು.

"ಮಡಿಯಲ್ಲಿ ಅಡುಗೆ ಮಾಡುವಾಗ ಫೋನು ಮುಟ್ಟಬಹುದು ಅಂತ ಯಾವ ಮಠದವರು ಹೇಳಿದ್ದು?" ಎಂದು ಹೆಂಡತಿ ಅಪರ್ಣಾ ಕೇಳಿದರೆ, "ರೇಷ್ಮೆಯಲ್ಲಿದೆಯಲ್ಲ ಮಾರಾಯ್ತಿ," ಎನ್ನುತ್ತಿದ್ದರು.

ಹತ್ತು ವರ್ಷದ ಹಿಂದೆ ಅವರ ಬಳಿ ಫೋನೂ ಇರಲಿಲ್ಲ, ಈ ಚಡಪಡಿಕೆಯೂ ಇರಲಿಲ್ಲ. ೨೦೦೪ರಲ್ಲಿ ಅವರು ಠಾಣೆ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಬಡಿಸುವ ಕೆಲಸಕ್ಕಿದ್ದರು. ಮಧ್ಯಾಹ್ನದ ಊಟಕ್ಕೆ ಬರುತ್ತಿದ್ದ ರಘುಪತಿ ರಾಯರು ಒಂದು ದಿನ ಪಲ್ಯ ನೋಡಿ ಮುಖ ಸಿಂಡರಿಸಿ, "ಹಾಗಲಕಾಯಿ ಗೊಜ್ಜು ಮಾಡೋ ಒಬ್ಬ ಗಂಡಸೂ ಇಲ್ವಾ ನಿಮ್ಮ ಹೋಟೆಲಲ್ಲಿ?" ಎಂದಿದ್ದರು.

"ನನಗೆ ಬರ್ತದೆ. ಆದರೆ ಇಲ್ಲಿ ಯಾರು ತಿಂತಾರೆ ರಾಯರೇ?"

"ನಾನು ತಿಂತೇನೆ. ಬರುವ ವಾರ ನಮ್ಮಪ್ಪನ ಶ್ರಾದ್ಧ. ಮಡಿಯಲ್ಲಿ ಮಾಡ್ತೀಯಾ?"

ಅದು ಮೊದಲ ಕೆಲಸ. ರಾಯರು ಹೇಳಿದ್ದನ್ನು ಕೇಳಿ ಡೊಂಬಿವಲಿಯ ಒಂದು ಮನೆಯವರು ಕರೆದರು, ಅವರಿಂದ ಕಲ್ಯಾಣದವರು. ಶ್ರಾದ್ಧದ ಅಡುಗೆಗೆ ಯಾರೂ ಬೋರ್ಡು ನೋಡಿ ಬರುವುದಿಲ್ಲ. ಒಂದು ಮನೆಯಲ್ಲಿ ಊಟ ಮಾಡಿದವರು ಇನ್ನೊಂದು ಮನೆಗೆ ಹೇಳಬೇಕು. ಹಾಗೆ ಹೇಳಿ ಹೇಳಿಯೇ ಭಟ್ಟರು ಹೋಟೆಲು ಬಿಟ್ಟು ಡೊಂಬಿವಲಿಯಲ್ಲಿ ಸ್ವಂತ ಅಡುಗೆ ವ್ಯವಹಾರ ಹಿಡಿದರು.

ಸಾವಿನ ಮನೆಯ ಮರ್ಯಾದೆಗಳೆಲ್ಲ ಅವರಿಗೆ ಬಾಯಿಪಾಠ. ಅಡುಗೆ ಹೇಗಿತ್ತು ಎಂದು ಕೇಳಬಾರದು. ಚೆನ್ನಾಗಿತ್ತು ಎಂದು ಅವರು ಹೇಳಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವಾಗ "ಬರ್ತೇನೆ" ಎನ್ನಬಾರದು. ಪಾತ್ರೆ ಎತ್ತಿಕೊಂಡು ಸುಮ್ಮನೆ ಮೆಟ್ಟಿಲಿಳಿಯಬೇಕು. ಮದುವೆ ಮನೆಯಲ್ಲಿ ಗಟ್ಟಿಯಾಗಿ ಬೀಳ್ಕೊಳ್ಳುವ ಭಟ್ಟರು ಸಾವಿನ ಮನೆಯಿಂದ ಬೆಕ್ಕಿನ ಹಾಗೆ ಹೊರಬರುತ್ತಿದ್ದರು.

೨೦೧೪ರಲ್ಲಿ ವಾಶಿಯಲ್ಲಿ ಸಣ್ಣ ಉದ್ದಿಮೆದಾರರಿಗೆ ಅರ್ಧ ದಿನದ ಶಿಬಿರ ನಡೆಯಿತು. ಯಾರೋ ಹೇಳಿದರೆಂದು ಭಟ್ಟರೂ ಹೋದರು. ಟೈ ಕಟ್ಟಿದವನೊಬ್ಬ, "ದಿನಕ್ಕೆ ಮೂರು ಪೋಸ್ಟ್. ರೋಜ಼್. ಬಿನಾ ನಾಗಾ," ಎಂದು ಬೆರಳೆತ್ತಿ ಹೇಳಿದ. ಒಂದು ದಿನವೂ ತಪ್ಪಬಾರದೆಂಬ ಆ ಮಾತನ್ನು ಭಟ್ಟರು ವ್ರತದಂತೆ ಹಿಡಿದರು. ಫೇಸ್‌ಬುಕ್ಕಿನಲ್ಲಿ ಪುಟ ತೆರೆದರು. ಪ್ರತಿ ಫೋಟೋದ ಕೆಳಗೆ ಬರೆಯಲು ಸಮಯವೆಲ್ಲಿ? ಒಂದೇ ಒಕ್ಕಣೆಯನ್ನು ಬರೆದಿಟ್ಟುಕೊಂಡು ಎಲ್ಲದಕ್ಕೂ ಅಂಟಿಸುತ್ತ ಹೋದರು: "ಸಂತೃಪ್ತ ಬಂಧುಗಳು! ಮತ್ತೆ ಮತ್ತೆ ಇಂಥ ಸೇವೆಯ ಅವಕಾಶ ಕೊಡಿ. ಶೀಘ್ರದಲ್ಲೇ ಭೇಟಿಯಾಗೋಣ!"

ಹೋಳಿಗೆಯ ಫೋಟೋಗೆ ಇನ್ನೂರ ಹದಿನಾಲ್ಕು ಲೈಕು ಬಿದ್ದ ದಿನ ಅವರಿಗೆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಕೋಸಂಬರಿಗೆ ಹನ್ನೊಂದೇ ಬಿದ್ದಾಗಲೂ ಬರಲಿಲ್ಲ. ಪಾಯಸ ನೀರಾಗಿತ್ತು ಎಂದು ಭಿವಂಡಿಯ ಯಾರೋ ಬರೆದದ್ದಕ್ಕೆ ಎರಡು ದಿನ ಕೂತು ಮೂವತ್ತು ಉತ್ತರ ಬರೆದರು. ಆ ಎರಡು ದಿನದಲ್ಲಿ ಒಂದು ಹಂಡೆ ತೊವ್ವೆ ತಳ ಹಿಡಿಯಿತು.

೨೦೧೫ರ ಮಳೆಗಾಲದಲ್ಲಿ ರಘುಪತಿ ರಾಯರು ಹೋದರು. ಮನೆ ಕೋಪರಖೈರಣೆಯಲ್ಲಿ. ಹದಿಮೂರನೆಯ ದಿನದ ವೈಕುಂಠ ಸಮಾರಾಧನೆಯ ಊಟ ಭಟ್ಟರದ್ದೇ ಎಂದು ರಾಯರ ಹೆಂಡತಿ ವಿನೋದಾ ಹೇಳಿ ಕಳಿಸಿದರು. ಮೊದಲ ಅನ್ನ ಕೊಟ್ಟವರ ಕೊನೆಯ ಊಟವೆಂದು ಭಟ್ಟರು ನಸುಕಿನಲ್ಲೇ ಒಲೆ ಹೊತ್ತಿಸಿದರು. ರಾಯರ ಮಗ ಮುರಾರಿ ಬರೆದುಕೊಟ್ಟ ಪಟ್ಟಿಯಲ್ಲಿ ಇಲ್ಲದಿದ್ದರೂ ಹಾಗಲಕಾಯಿ ಗೊಜ್ಜು ಮಾಡಿದರು. ಮೊದಲ ಎಲೆ ಬಡಿಸಿ ರಾಯರ ಪಟದ ಮುಂದಿಟ್ಟಾಗ ಅವರ ಕಣ್ಣು ತುಂಬಿತ್ತು. ಕಣ್ಣು ತುಂಬಿದ್ದಾಗಲೇ ಕೈ ಸೊಂಟಕ್ಕೆ ಹೋಯಿತು. ಒಂದು ಫೋಟೋ ತೆಗೆದರು. ಪೋಸ್ಟು ಮಾಡಿದರು.

ಕೆಲಸ ಮುಗಿದ ಮೇಲೆ ಪಾತ್ರೆಗಳನ್ನು ಟೆಂಪೋದಲ್ಲಿ ಕಳಿಸಿ, ಯಾರಿಗೂ ಏನೂ ಹೇಳದೆ, ತಲೆ ತಗ್ಗಿಸಿ ಹೊರಬಂದು ಠಾಣೆಯ ಲೋಕಲ್ ಹತ್ತಿದರು. ಘಣಸೋಲಿ ಬರುವ ಹೊತ್ತಿಗೆ ಫೋನು ಗುಂಯ್‌ಗುಟ್ಟತೊಡಗಿತು. ಹತ್ತು, ಇಪ್ಪತ್ತು, ನಲವತ್ತು. ಭಟ್ಟರಿಗೆ ಒಳಗೊಳಗೇ ಖುಷಿಯಾಯಿತು. ತೆರೆದು ಓದಿದರು.

"ಇಂಥ ಸೇವೆಯ ಅವಕಾಶ ಮತ್ತೆ ಕೊಡಬೇಕಾ? ಮುಂದಿನ ಸರದಿ ಯಾರದ್ದು ಭಟ್ರೇ?"

"ಶೀಘ್ರದಲ್ಲೇ ಭೇಟಿಯಂತೆ! ರಾಯರನ್ನಾ?"

ತಾವು ಅಂಟಿಸಿದ್ದು ಏನೆಂದು ಭಟ್ಟರು ತಿರುಗಿ ನೋಡಲೇ ಇಲ್ಲ. ಪಾಯಸದ ಜಗಳದ ಕಾವು ಇನ್ನೂ ಆರಿರಲಿಲ್ಲ. "ಹೊಟ್ಟೆಕಿಚ್ಚಿನವರಿಗೆ ನಾನು ಉತ್ತರ ಕೊಡುವುದಿಲ್ಲ," ಎಂದು ಒಬ್ಬರಿಗೆ ಉತ್ತರ ಕೊಟ್ಟರು. ರಬಾಳೆಯಲ್ಲಿ ಇನ್ನೊಬ್ಬರಿಗೆ. ಐರೋಲಿಯಲ್ಲಿ ಮೂರನೆಯವರಿಗೆ ಬರೆಯುತ್ತಿದ್ದಾಗ ಅಪರ್ಣಾಳ ಕರೆ ಬಂತು.

"ಏನು ಹಾಕಿದ್ದೀರಿ ಅಂತ ಗೊತ್ತುಂಟಾ ನಿಮಗೆ?"

"ಎಲೆಯ ಫೋಟೋ."

"ಅದರ ಕೆಳಗೆ?"

ಅವಳು ಓದಿ ಹೇಳಿದಳು. ಒಂದೊಂದೇ ಮಾತು. ಭಟ್ಟರು ಕಂಬಿ ಹಿಡಿದು ನಿಂತರು. ಬಾಗಿಲಲ್ಲಿ "ಬರ್ತೇನೆ" ಎನ್ನದೆ ನಾಲಿಗೆ ಕಚ್ಚಿಕೊಂಡು ಬಂದವರು, ಅದಕ್ಕಿಂತ ದೊಡ್ಡದನ್ನು ಸಾವಿರ ಜನರೆದುರು ಆಡಿದ್ದರು.

ಠಾಣೆಯಲ್ಲಿ ಇಳಿದು ಪ್ಲಾಟ್‌ಫಾರಂ ಮೇಲೆಯೇ ಪೋಸ್ಟು ಅಳಿಸಿದರು. ಗ್ಯಾಲರಿಯಲ್ಲಿದ್ದ ಫೋಟೋವನ್ನೂ ಅಳಿಸಿದರು. ಅಷ್ಟರಲ್ಲಿ ಅದರ ಪ್ರತಿ ಸಮಾಜದ ವಾಟ್ಸಾಪ್ ಗುಂಪುಗಳಲ್ಲಿ ಅವರಿಗಿಂತ ಮುಂಚೆ ಡೊಂಬಿವಲಿ ತಲುಪಿತ್ತು.

ಮನೆಯಲ್ಲಿ ಕೂತು ಉದ್ದದ ಕ್ಷಮಾಪಣೆ ಬರೆದರು. ಗಡಿಬಿಡಿಯಿತ್ತು, ಕೆಲಸದ ಒತ್ತಡವಿತ್ತು, ಫೋನು ಹಳೆಯದು. ಹಾಕುವ ಮುಂಚೆ ಅಪರ್ಣಾಳಿಗೆ ತೋರಿಸಿದರು.

"ಇದು ಯಾರಿಗೆ?"

"ಎಲ್ಲರಿಗೂ."

"ಎಲ್ಲರ ಗಂಡಂದಿರು ಸತ್ತಿದ್ದಾರಾ?"

ಭಟ್ಟರು ಅದನ್ನೂ ಅಳಿಸಿದರು. ಆದರೆ ಕೋಪರಖೈರಣೆಗೆ ಹೋಗಲು ಕಾಲು ಬರಲಿಲ್ಲ. ರಾಯರ ಮೊದಲ ಮಾಸಿಕಕ್ಕೆ ಇನ್ನು ಇಪ್ಪತ್ತು ದಿನವೂ ಇರಲಿಲ್ಲ. ಆ ಮನೆಯವರು ಬೇರೆ ಅಡುಗೆಯವರನ್ನು ಕರೆದರೆ ಮತ್ತೆ ಯಾವ ಮನೆಯವರೂ ತಮ್ಮನ್ನು ಕರೆಯುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಅದಕ್ಕಿಂತ, ರಾಯರ ಮಾಸಿಕ ಬೇರೆಯವರ ಕೈಯಲ್ಲಾಗುವುದನ್ನು ನೆನೆಯಲಿಕ್ಕೇ ಆಗುತ್ತಿರಲಿಲ್ಲ. ಐದು ದಿನ ಫೋನು ನೋಡಿದರು, ಉಲ್ಟಾ ಇಟ್ಟರು, ಮತ್ತೆ ನೋಡಿದರು. ಒಂದು ಕರೆ ಬಂತು, ಕಲ್ಯಾಣದಿಂದ. "ಈ ಸಲ ತಿಥಿ ನಾವೇ ಮಾಡಿಕೊಳ್ತೇವೆ ಭಟ್ರೇ. ಜನ ಕಡಿಮೆ."

ಆರನೆಯ ದಿನ ಫೋನನ್ನು ಅಕ್ಕಿ ಡಬ್ಬದ ಮೇಲೆ ಬಿಟ್ಟು ಹೊರಟರು.

ಬಾಗಿಲು ತೆರೆದವನು ಮುರಾರಿ. "ಅರೇ ಭಟ್‌ಜೀ! ಆಜ್ ಫೋಟೋ ನಹೀ ನಿಕಾಲ್ನಾ?" ಎಂದು, ಇವತ್ತು ಫೋಟೋ ತೆಗೆಯುವುದಿಲ್ಲವಾ ಎಂಬಂತೆ, ಹಿಂದಿಯಲ್ಲಿ ಚುಚ್ಚಿದ.

"ಒಳಗೆ ಬಿಡು ಅವರನ್ನು," ಎಂದು ಒಳಗಿನಿಂದ ವಿನೋದಾ ಹೇಳಿದರು. "ನನ್ನ ಮುಂದೆ ಕನ್ನಡದಲ್ಲಿ ಬೈ. ನನಗೂ ಅರ್ಥ ಆಗಲಿ."

ಭಟ್ಟರು ಕೂರಲಿಲ್ಲ. ಗಡಿಬಿಡಿ, ಒತ್ತಡ, ಹಳೆಯ ಫೋನು ಯಾವುದನ್ನೂ ಹೇಳಲಿಲ್ಲ. "ತಪ್ಪಾಯ್ತು ಅಮ್ಮ. ನೋಡದೆ ಹಾಕಿದೆ. ಹಾಕಲೇಬಾರದಿತ್ತು."

ವಿನೋದಾ, "ಆ ಫೋಟೋ ಇದೆಯಾ?" ಎಂದರು.

"ಅಳಿಸಿದೆ ಅಮ್ಮ. ಅವತ್ತೇ. ಇವತ್ತು ಫೋನನ್ನೂ ತಂದಿಲ್ಲ."

"ನಾನು ಅವತ್ತು ಒಳಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಅವರ ಎಲೆ ನೋಡಲಿಲ್ಲ. ಊರಿಗೆಲ್ಲ ತೋರಿಸಿದಿರಿ. ನನಗೊಬ್ಬಳಿಗೆ ಇಲ್ಲ. ಗುಂಪಿನಲ್ಲಿ ಬಂದದ್ದನ್ನು ಮುರಾರಿ ಸಿಟ್ಟಿನಲ್ಲಿ ಅಳಿಸಿ ಹಾಕಿದ." ಅವರ ದನಿಯಲ್ಲಿ ಕೋಪಕ್ಕಿಂತ ಆಯಾಸವಿತ್ತು. "ಬಾಯಲ್ಲಿ ಹೇಳಿ. ಏನೇನು ಬಡಿಸಿದ್ದಿರಿ?"

ಭಟ್ಟರು ನೆಲವನ್ನೇ ಎಲೆಯೆಂದುಕೊಂಡು ಹೇಳುತ್ತ ಹೋದರು. ತುದಿಯಲ್ಲಿ ಉಪ್ಪು. ಕೋಸಂಬರಿ ಎರಡು. ಬಾಳೆಕಾಯಿ ಪಲ್ಯ. ಪತ್ರೊಡೆ. ಚಿತ್ರಾನ್ನ. ಅನ್ನ, ತೊವ್ವೆ, ತುಪ್ಪ. ಸಾರು, ಮಜ್ಜಿಗೆ ಹುಳಿ. ಉದ್ದಿನ ವಡೆ, ಹೋಳಿಗೆ, ಗೋಧಿ ಪಾಯಸ, ಮೊಸರು.

"ಅಷ್ಟೇನಾ?"

"ಅಷ್ಟೇ ಅಮ್ಮ."

"ಹೂಂ," ಎಂದು ವಿನೋದಾ ಕಿಟಕಿಯ ಕಡೆ ತಿರುಗಿದರು. ಮಾಸಿಕದ ಮಾತೆತ್ತಲಿಲ್ಲ. ಶ್ರಾದ್ಧದ ಕೆಲಸವನ್ನು ಕೇಳಿ ಪಡೆಯುವಂತಿಲ್ಲ. ಭಟ್ಟರು ಕೈಮುಗಿದು ಸುಮ್ಮನೆ ಮೆಟ್ಟಿಲಿಳಿದರು.

ರೈಲಿನಲ್ಲಿ ಕೈ ನಾಲ್ಕು ಸಲ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಮಾಡಲು ಬೇರೇನೂ ಇಲ್ಲದೆ ಎಲೆಯನ್ನು ಮತ್ತೆ ಮೊದಲಿನಿಂದ ಬಡಿಸಿಕೊಂಡು ಬಂದರು. ಉಪ್ಪು, ಕೋಸಂಬರಿ, ಪಲ್ಯ. ಪಲ್ಯದ ಪಕ್ಕ ಒಂದಿಷ್ಟು ಜಾಗ ಖಾಲಿ ಉಳಿಯಿತು. "ಅಷ್ಟೇನಾ?" ಎಂದಾಗ ವಿನೋದಾ ಏನನ್ನೋ ಕಾಯುತ್ತಿದ್ದ ಹಾಗೆ ಕಂಡಿತ್ತಲ್ಲ! ಗಾಡಿ ರಬಾಳೆಯಲ್ಲಿ ನಿಂತಿತ್ತು. ಶಿಫ್ಟು ಮುಗಿಸಿ ಒಳನುಗ್ಗುತ್ತಿದ್ದ ಕಾರ್ಖಾನೆಯವರನ್ನು ತಳ್ಳಿಕೊಂಡು ಭಟ್ಟರು ಹೊರಗೆ ಹಾರಿದರು. ಯಾರೋ ಮರಾಠಿಯಲ್ಲಿ ಬೈದರು. ಸೇತುವೆ ಹತ್ತಿ ಆಚೆ ಇಳಿದು ವಾಪಸ್ ಗಾಡಿ ಹಿಡಿದರು.

ಈ ಸಲ ಬಾಗಿಲು ತೆರೆದದ್ದು ವಿನೋದಾ. ಮಾತಾಡುವಷ್ಟು ಉಸಿರು ಭಟ್ಟರಲ್ಲಿ ಇರಲಿಲ್ಲ.

"ಏನು ಭಟ್ರೇ, ಕೊಡೆ ಮರೆತ್ರಾ?"

"ಹಾಗಲಕಾಯಿ ಗೊಜ್ಜು," ಎಂದರು ಭಟ್ಟರು. "ಬಾಳೆಕಾಯಿ ಪಲ್ಯದ ಪಕ್ಕ. ಬೆಲ್ಲ ಕಡಿಮೆ ಹಾಕಿದ್ದೆ. ರಾಯರಿಗೆ ಬೇಕಾದ ಹಾಗೆ. ಪಟ್ಟಿಯಲ್ಲಿ ಇರಲಿಲ್ಲ."

ವಿನೋದಾ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ನೋಡಿ ಕೂಗಿದರು: "ಮುರಾರಿ, ಮಾಸಿಕ ಯಾವ ವಾರ ಬಂತು ಅಂತ ಪಂಚಾಂಗ ನೋಡಿ ಹೇಳು ಇವರಿಗೆ."

ಒಳಗಿನಿಂದ ಮುರಾರಿ, "ವಾಟ್ಸಾಪ್ ಕರ್ ದೂಂಗಾ," ಎಂದ.

"ಇವರ ಹತ್ರ ಇವತ್ತು ಫೋನಿಲ್ಲ," ಎಂದರು ವಿನೋದಾ. "ಎದ್ದು ಬಂದು ಹೇಳು."