ಬಡ್ತಿ ಸಿಕ್ಕಿದವರ ಹಾಸಿಗೆ

ಕೇರಳದ ತ್ರಿಪ್ಪುಣಿತ್ತುರದ ಆರೈಕೆ ಕೇಂದ್ರದಲ್ಲಿ ನಲವತ್ತರ ಆಸುಪಾಸಿನ ಹೆಂಗಸೊಬ್ಬರು ಮಲಗಿದ್ದರು. ಪಕ್ಕದಲ್ಲಿ ನಿಂತಿದ್ದ ಸಹಾಯಕಿ ಚಮಚದಿಂದ ಗಂಜಿ ಕುಡಿಸುತ್ತಿದ್ದಳು. ಲಕ್ವ ಹೊಡೆದ ಅಮ್ಮನನ್ನು ಹಗಲು ಹೊತ್ತು ಅಲ್ಲಿ ಬಿಡಬಹುದೇ ಎಂದು ನೋಡಲು ಹೋಗಿದ್ದ ನಾನು, “ಪಾಪ, ಇಷ್ಟು ಚಿಕ್ಕ ವಯಸ್ಸಿಗೇ?” ಎಂದೆ.

ಜೊತೆಗಿದ್ದ ಮುಖ್ಯಸ್ಥೆ ಕಾಸರಗೋಡಿನವರು. “ಅವರಿಗೆ ಸೌಖ್ಯ ಇಲ್ಲದ್ದಲ್ಲ. ನಾಳೆಯಿಂದ ಈ ವಾರ್ಡಿನ ಮೇಲ್ವಿಚಾರಕಿ ಅವರೇ. ಬಡ್ತಿ ಸಿಕ್ಕಿದವರು ಇಲ್ಲಿ ಮೊದಲು ಒಂದು ದಿನ ಹೀಗೆ ಮಲಗಬೇಕು. ನಾನೂ ಮಲಗಿದ್ದೇನೆ” ಎಂದರು.

ಬಡ್ತಿಯೆಂದರೆ ದೊಡ್ಡ ಕುರ್ಚಿ ಎಂದಷ್ಟೇ ಗೊತ್ತಿದ್ದ ಬ್ಯಾಂಕಿನವಳು ನಾನು. ಅಷ್ಟರಲ್ಲಿ ಮಲಗಿದ್ದವರು ಸಹಾಯಕಿಗೆ ಮಲಯಾಳದಲ್ಲಿ ಹೇಳಿದ್ದು ನನಗೂ ಅರ್ಥವಾಯಿತು: “ಕೂತು ಕೊಡು ಮಗಳೇ. ನೀನು ನಿಂತರೆ ನಾನು ಕತ್ತು ಎತ್ತಬೇಕು, ನುಂಗೋಕೆ ಭಯ ಆಗುತ್ತೆ. ಹತ್ತು ವರ್ಷ ನಾನೂ ನಿಂತೇ ಕೊಟ್ಟೆನಲ್ಲ!”

ಆ ಸಂಜೆ ಅಮ್ಮನ ಮಂಚದ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು ಕೂತು ಗಂಜಿ ಕುಡಿಸಿದೆ. ದಿನವೂ ಅರ್ಧಕ್ಕೇ ಬಾಯಿ ಮುಚ್ಚಿಬಿಡುತ್ತಿದ್ದಳು, ಹಠ ಎಂದುಕೊಂಡಿದ್ದೆ. ಅಂದು ಬಟ್ಟಲು ಖಾಲಿಯಾಯಿತು.